ಒಂದೇ ನೊಗದ ಜೋಡೆತ್ತು
(ವಿಶೇಷ ಅಗತ್ಯವುಳ್ಳ ಮಕ್ಕಳ ತಾಯ್ತಂದೆಗಳಿಗೂ ನೆರೆಹೊರೆಯವರಿಗೂ ಒಂದು ಪಾಠ)

ಈ ತಿಂಗಳ ಪಾಠವು ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿದ್ದರೂ ನಾಲ್ವರ ಮುಂದೆ ಬಾಯಿಬಿಟ್ಟು ಆಡಲಾಗದ ಒಂದು ದುಃಖವನ್ನು ಕುರಿತದ್ದಾಗಿದೆ. ಕಿವಿ ಕೇಳದ ಮಗು, ಮಾತು ಬಾರದ ಮಗು, ಕೈಕಾಲುಗಳು ಸ್ವಾಧೀನದಲ್ಲಿಲ್ಲದ ಮಗು, ವಯಸ್ಸಿಗೆ ತಕ್ಕಂತೆ ಬುದ್ಧಿ ಬೆಳೆಯದ ಮಗು, ಕರೆದರೂ ಮುಖ ನೋಡದೆ ತನ್ನಷ್ಟಕ್ಕೆ ತಾನೇ ಇರುವ ಮಗು, ಇಂಥವರನ್ನು ಈಗ ವಿಶೇಷ ಅಗತ್ಯವುಳ್ಳ ಮಕ್ಕಳೆಂದು ಕರೆಯುವದುಂಟು. ಇವರ ಪೋಷಣೆಯಲ್ಲಿ ತಾಯ್ತಂದೆಗಳ ಪಾಲು ಯಾವದು, ವೈದ್ಯರೂ ಉಪಾಧ್ಯಾಯರೂ ಆದ ಪರಿಣತರ ಪಾಲು ಯಾವದು, ಇವರಿಬ್ಬರೂ ಕೂಡಿ ನಡೆಯದಿದ್ದರೆ ಮಗುವಿಗೆ ಆಗುವ ನಷ್ಟವೇನು ಎಂಬದನ್ನು ವಿಚಾರಿಸೋಣ.

ಮೈಸೂರಿನ ಲಷ್ಕರ್ ಮೊಹಲ್ಲಾದ ಕಡೆಯಲ್ಲಿರುವ ಗ್ರಾಮಾಂತರ ಬಸ್ಸು ನಿಲ್ದಾಣವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ನಂಜನಗೂಡು, ತಿರುಮಕೂಡಲು ನರಸೀಪುರ, ಹುಣಸೂರು, ಗುಂಡ್ಲುಪೇಟೆ, ಕೊಳ್ಳೇಗಾಲದ ಕಡೆಗಳಿಂದ ಮುಂಜಾನೆಯ ಬಸ್ಸಿನಲ್ಲಿ ಬಂದಿಳಿಯುವವರೊಳಗೆ ಕಛೇರಿಗೆ ಹೋಗುವವರೂ ವ್ಯಾಪಾರಕ್ಕೆ ಹೋಗುವವರೂ ಇರುವಂತೆಯೇ, ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು, ಆಸ್ಪತ್ರೆಯ ಚೀಟಿಗಳ ಚೀಲವನ್ನು ಕೈಯಲ್ಲಿ ಹಿಡಿದು, ಮಾನಸಗಂಗೋತ್ರಿಗೆ ಹೋಗುವ ಬಸ್ಸು ಯಾವದೆಂದು ಕೇಳುವ ತಾಯಂದಿರೂ ಇರುತ್ತಾರೆ. ಇವರಲ್ಲಿ ಕೆಲವರು, ನಾವು ಮಗುವನ್ನು ತಿಳಿದವರ ಕೈಗೆ ಒಪ್ಪಿಸಿದೆವು, ಇನ್ನು ಅವರೇ ಸರಿಪಡಿಸುವರು ಎಂದು ನೆನಸುತ್ತಾರೆ. ಬೇರೆ ಕೆಲವರು ಎರಡು ಸಾರಿ ಬಂದು, ಮೂರನೆಯ ಸಾರಿಗೂ ಮಗು ಮಾತಾಡಲಿಲ್ಲವೆಂದು ಬೇಸತ್ತು, ಬರುವದನ್ನೇ ಬಿಟ್ಟುಬಿಡುತ್ತಾರೆ. ಈ ಎರಡೂ ದಾರಿಗಳು ಮಗುವನ್ನು ಒಂದೇ ಕಡೆಗೆ ಒಯ್ಯುತ್ತವೆ, ಮೂಲೆಗೆ. ಒಂದೇ ಎತ್ತನ್ನು ಕಟ್ಟಿ ಹೊಲ ಉಳುವವರು ನಮ್ಮಲ್ಲಿಲ್ಲ. ಜೋಡಿ ಬೇಕು, ಜೋಡಿಯು ಒಂದೇ ಕಡೆಗೆ ಎಳೆಯಬೇಕು.

1. ತಪ್ಪು ಯಾರದು?

ಮೊದಲು ತೊಲಗಬೇಕಾದದ್ದು ಈ ಪ್ರಶ್ನೆಯೇ. ಹುಟ್ಟುಕುರುಡನನ್ನು ನೋಡಿ, ಪಾಪ ಮಾಡಿದವನು ಇವನೋ ಇವನ ತಾಯ್ತಂದೆಗಳೋ ಎಂದು ಶಿಷ್ಯರು ಕೇಳಿದ್ದನ್ನೂ, ಇವನೂ ಅಲ್ಲ, ಅವರೂ ಅಲ್ಲ ಎಂಬ ಉತ್ತರವು ಅವರಿಗೆ ದೊರೆತದ್ದನ್ನೂ ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ನೀವು ಓದಿದ್ದೀರಿ. ಅದನ್ನು ಓದಿದ ಬಾಯಿಂದಲೇ ಸೊಸೆಯನ್ನು ಕುರಿತು, ಇವಳು ಗ್ರಹಣದ ದಿನ ಹೊರಗೆ ಬಂದಳು, ಇವಳ ಕಾಲ್ಗುಣ ಸರಿಯಿಲ್ಲ ಎಂಬ ಮಾತು ಬರುವದು ನ್ಯಾಯವೋ?

ಕಾರಣಗಳು ಶರೀರಕ್ಕೆ ಸಂಬಂಧಪಟ್ಟವು. ಗರ್ಭಿಣಿಗೆ ರುಬೆಲ್ಲಾ ಎಂಬ ಜ್ವರಗುಳ್ಳೆಯ ರೋಗ ತಗಲುವದು, ದಿನ ತುಂಬದ ಹೆರಿಗೆ, ಹುಟ್ಟಿದ ಕೂಡಲೆ ಮಗು ಅಳದೆ ಉಸಿರು ತಡವಾಗುವದು, ಎಳೆಗೂಸಿಗೆ ಕಾಮಾಲೆ ಹೆಚ್ಚಾಗಿ ಏರುವದು, ಮಿದುಳಿನ ಪೊರೆಯ ಜ್ವರ, ಕಿವಿಯ ನರಕ್ಕೆ ಹಾನಿಮಾಡುವ ಕೆಲವು ಔಷಧಗಳು, ಇವು ಕೆಲವು. ಮತ್ತೆ ಕೆಲವು ಕಾರಣಗಳು ರಕ್ತದಲ್ಲಿಯೇ ಗುಪ್ತವಾಗಿ ಇಳಿದು ಬರುವವು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆಯುಳ್ಳ ಮನೆಗಳಲ್ಲಿ ಅಂಥ ಗುಪ್ತದೋಷಗಳು ಎರಡು ಕಡೆಯಿಂದಲೂ ಕೂಡಿ ಮಗುವಿನಲ್ಲಿ ತೋರುವ ಸಂಭವವು ಹೆಚ್ಚು. ಮುಂದಿನ ಸಂಬಂಧಗಳನ್ನು ಯೋಚಿಸುವಾಗ ಇದನ್ನು ತಿಳಿದಿರಬೇಕು. ಆದರೆ ಆಗಿಹೋದ ಮದುವೆಗಾಗಿ ಯಾರನ್ನೂ ನಿಂದಿಸಲು ಇದನ್ನು ಉಪಯೋಗಿಸಬಾರದು. ಅನೇಕ ಸಾರಿ ಕಾರಣವು ವೈದ್ಯರಿಗೂ ಸಿಕ್ಕುವದಿಲ್ಲ.

ಓದದವರೇ ಹೀಗೆ ತಾಯಿಯ ಮೇಲೆ ತಪ್ಪು ಹೊರಿಸುತ್ತಾರೆಂದು ತಿಳಿಯಬೇಡಿರಿ. ಸ್ವಲೀನತೆ ಅಥವಾ ಆಟಿಸಂ ಎಂಬ ಸ್ಥಿತಿಯನ್ನು ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯನು 1943ರಲ್ಲಿ ವರ್ಣಿಸಿದನು. ತರುವಾಯ ಸುಮಾರು ಇಪ್ಪತ್ತು ವರುಷಗಳ ಪರ್ಯಂತರ ದೊಡ್ಡ ದೊಡ್ಡ ಪಂಡಿತರು, ತಾಯಿಯ ಪ್ರೀತಿಯು ತಣ್ಣಗಿದ್ದದ್ದರಿಂದಲೇ ಮಗು ಹೀಗಾಯಿತೆಂದು ಬೋಧಿಸುತ್ತಿದ್ದರು. ಸಾವಿರಾರು ತಾಯಂದಿರು ಆ ಮಾತನ್ನು ನಂಬಿ ಕೊರಗಿದರು. ಈ ಬೋಧನೆಯನ್ನು ಎದುರಿಸಿದವನು ಅಂಥ ಮಗನನ್ನು ಪಡೆದಿದ್ದ ಒಬ್ಬ ತಂದೆ, ಮನಶ್ಶಾಸ್ತ್ರವನ್ನು ಓದಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬವನು. ಇದು ಮಿದುಳಿಗೆ ಸಂಬಂಧಪಟ್ಟದ್ದೇ ಹೊರತು ತಾಯಿಯ ಮನಸ್ಸಿನ ದೋಷವಲ್ಲವೆಂದು ಅವನು 1964ರಲ್ಲಿ ಗ್ರಂಥ ಬರೆದು ವಾದಿಸಿದನು. 1965ರಲ್ಲಿ ಬೇರೆ ತಾಯ್ತಂದೆಗಳೊಡನೆ ಕೂಡಿ ಒಂದು ಸಂಘವನ್ನು ಸ್ಥಾಪಿಸಿದನು. ಪರಿಣತರು ಎಡವಿದಲ್ಲಿ ತಾಯ್ತಂದೆಗಳು ಅವರನ್ನು ಹಿಡಿದು ನಿಲ್ಲಿಸಿದ್ದುಂಟು ಎಂಬದಕ್ಕೆ ಇದು ಸಾಕ್ಷಿ.

2. ತಾಯಿ ಬಲ್ಲದ್ದೂ ಪರಿಣತರು ಬಲ್ಲದ್ದೂ

ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ, ಬಿದ್ದು ಒದ್ದಾಡುವ ಹುಡುಗನನ್ನು ಯೇಸುವಿನ ಬಳಿಗೆ ತಂದಾಗ, ಸ್ವಸ್ಥಮಾಡುವದಕ್ಕಿಂತ ಮುಂಚೆ ಆತನು ತಂದೆಯನ್ನು ಕೇಳಿದ್ದೇನು? ಇದು ಎಷ್ಟು ಕಾಲದಿಂದ ಹೀಗಿದೆ ಎಂದು. ತಂದೆಯು ಬಾಲ್ಯದಿಂದಲೇ ಎಂದು ಹೇಳಿ, ಬೆಂಕಿಯಲ್ಲಿಯೂ ನೀರಿನಲ್ಲಿಯೂ ಬಿದ್ದ ಸಂಗತಿಗಳನ್ನು ವಿವರಿಸುತ್ತಾನೆ. ಈ ಹೊತ್ತಿಗೂ ಒಳ್ಳೆಯ ವೈದ್ಯನು ಮೊದಲು ಕೇಳುವ ಪ್ರಶ್ನೆಯು ಅದೇ. ಅದಕ್ಕೆ ಉತ್ತರವು ಯಾವ ಯಂತ್ರದಲ್ಲಿಯೂ ಇಲ್ಲ, ಮನೆಯವರ ನೆನಪಿನಲ್ಲಿದೆ.

ಪರಿಣತರು ಬಲ್ಲದ್ದು ಬೇರೆ. ನಿದ್ದೆಮಾಡುವ ಕೂಸಿನ ಕಿವಿಯಲ್ಲಿ ಚಿಕ್ಕ ನಳಿಕೆಯನ್ನಿಟ್ಟು ಒಳಗಿವಿಯು ಸದ್ದಿಗೆ ಓಗೊಡುತ್ತದೋ ಇಲ್ಲವೋ ಎಂದು ಕೆಲವೇ ನಿಮಿಷಗಳಲ್ಲಿ ಅವರು ತಿಳಿಯಬಲ್ಲರು. ತಲೆಯ ಮೇಲೆ ತಂತಿಗಳನ್ನು ಅಂಟಿಸಿ, ಸದ್ದು ನರದ ಮೂಲಕ ಮಿದುಳಿಗೆ ಮುಟ್ಟುವದನ್ನು ಅಳೆಯಬಲ್ಲರು. ಇವುಗಳಿಂದ ಮಗುವಿಗೆ ನೋವಿಲ್ಲ.

ಈ ಎರಡು ತಿಳುವಳಿಕೆಗಳೂ ಕೂಡಬೇಕು ಎಂಬದಕ್ಕೆ ಎರಡು ಉದಾಹರಣೆಗಳನ್ನು ಕೇಳಿರಿ. ಒಬ್ಬ ತಾಯಿಯು, ನನ್ನ ಮಗುವಿಗೆ ಕಿವಿ ಕೇಳಿಸುತ್ತದೆ, ಬಾಗಿಲು ದಢಾರೆಂದರೆ ತಿರುಗಿ ನೋಡುತ್ತದೆ ಎನ್ನುತ್ತಾಳೆ. ಅವಳು ಸುಳ್ಳು ಹೇಳುವದಿಲ್ಲ. ಆದರೆ ಬಾಗಿಲು ಬಡಿದಾಗ ನೆಲ ಅದುರುತ್ತದೆ, ಗಾಳಿ ಬೀಸುತ್ತದೆ, ನೆರಳು ಸರಿಯುತ್ತದೆ; ಮಗು ಅದಕ್ಕೆ ತಿರುಗಿರಬಹುದು. ಪರೀಕ್ಷೆಯೇ ಇದನ್ನು ವಿಂಗಡಿಸಬಲ್ಲದು. ಇನ್ನೊಬ್ಬ ತಾಯಿಯ ಮಗು ಪರೀಕ್ಷೆಯ ಕೋಣೆಯಲ್ಲಿ ಅತ್ತು ರಂಪಮಾಡಿ, ಹೇಳಿದ ಒಂದು ಕೆಲಸವನ್ನೂ ಮಾಡಲಿಲ್ಲ. ಅದೇ ಮಗು ಮನೆಯಲ್ಲಿ ಚೊಂಬು ತಾ ಎಂದರೆ ತರುತ್ತದೆ, ಅಜ್ಜಿಯ ಕೋಲನ್ನು ಹುಡುಕಿ ಕೊಡುತ್ತದೆ. ಇದನ್ನು ತಾಯಿಯಿಂದ ಕೇಳದೆ ಪರಿಣತನು ತೀರ್ಪು ಬರೆದರೆ ಆ ತೀರ್ಪು ಅರ್ಧ ಸತ್ಯವಾಗುವದು. ಒಬ್ಬರು ಇನ್ನೊಬ್ಬರ ಕಣ್ಣಾಗಬೇಕು.

3. ನಮ್ಮ ಮೈಸೂರಿನಲ್ಲಿ ನಡೆದದ್ದು

ಮೈಸೂರಿನಲ್ಲಿ ಕಿವುಡರಿಗೂ ಕುರುಡರಿಗೂ ಶಾಲೆಯು 1901ರಲ್ಲಿಯೇ ಆರಂಭವಾಯಿತು. ಅದು ಆ ಕಾಲಕ್ಕೆ ದೊಡ್ಡ ಉಪಕಾರ. ಆದರೆ ಎಲ್ಲಾ ದೇಶಗಳಲ್ಲಿಯೂ ಅಂದಿನ ಪದ್ಧತಿಯು ಹೀಗಿತ್ತು: ಮಗುವು ಆರೇಳು ವರುಷದ್ದಾದ ಮೇಲೆ ಅದನ್ನು ಶಾಲೆಯ ವಸತಿಯಲ್ಲಿ ಬಿಟ್ಟು ತಂದೆಯು ಊರಿಗೆ ಹಿಂದಿರುಗುವದು. ಕಲಿಸುವದು ಶಾಲೆಯ ಕೆಲಸ, ಹಬ್ಬಕ್ಕೆ ಕರೆತರುವದು ಮನೆಯ ಕೆಲಸ.

1965ರಲ್ಲಿ ಕೇಂದ್ರ ಸರಕಾರದ ಆರೋಗ್ಯ ಇಲಾಖೆಯ ಅಧೀನದಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಮೈಸೂರಿನಲ್ಲಿ ಸ್ಥಾಪಿತವಾಯಿತು. ಅದಕ್ಕೆ ಬೇಕಾದ ಭೂಮಿಯನ್ನು ಮಹಾರಾಜರು ದಾನಮಾಡಿದರು. 1966ರಲ್ಲಿ ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್ ಅವರು ಕಟ್ಟಡಕ್ಕೆ ಅಡಿಗಲ್ಲನ್ನಿಟ್ಟರು. ಜನರು ಇದನ್ನು ಆಯಿಷ್ ಎನ್ನುತ್ತಾರೆ. ಮಾನಸಗಂಗೋತ್ರಿಯ ಬಳಿಯ ಈ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆ, ಶ್ರವಣ ಯಂತ್ರದ ಜೋಡಣೆ, ಮಾತಿನ ಚಿಕಿತ್ಸೆ, ಎಳೆಯ ಮಕ್ಕಳಿಗಾಗಿ ಪೂರ್ವಶಾಲೆ, ಎಲ್ಲವೂ ಉಂಟು. ಇಲ್ಲಿಯ ವಿಶೇಷವೇನೆಂದರೆ, ಪೂರ್ವಶಾಲೆಗೆ ಮಗು ಬಂದರೆ ಸಾಲದು; ತಾಯಿಯೋ ಅಜ್ಜಿಯೋ ಮನೆಯವರೊಬ್ಬರು ಮಗುವಿನೊಡನೆ ಕೂತು ತಾವೂ ಕಲಿಯಬೇಕು.

ಇದಕ್ಕಿಂತಲೂ ಮುಂದೆ ಹೋದದ್ದು ಮೈಸೂರಿನ ಕಿವುಡು ಮಕ್ಕಳ ಪಾಲಕರ ಸಂಘದವರು ರೋಟರಿಯವರೊಡನೆ ಕೂಡಿ ಕಟ್ಟಿದ ತಾಯಂದಿರ ಶಾಲೆ. ಅದರ ಹೆಸರೇ ಅದರ ತತ್ವವನ್ನು ಹೇಳುತ್ತದೆ. ಅಲ್ಲಿ ತಾಯಿಯೇ ಉಪಾಧ್ಯಾಯಿನಿ. ದೂರದ ಊರುಗಳಿಂದ ಬಂದು ಮೈಸೂರಿನಲ್ಲಿ ಬಾಡಿಗೆಯ ಕೋಣೆ ಹಿಡಿದು, ಮಗುವಿನೊಡನೆ ದಿನವೂ ಶಾಲೆಗೆ ಹೋಗಿ, ಮಾತನ್ನು ಕಲಿಸುವ ವಿದ್ಯೆಯನ್ನು ತಾವೇ ಕಲಿತು, ಕೆಲವು ವರುಷಗಳ ತರುವಾಯ ಮಗುವನ್ನು ಸಾಧಾರಣ ಶಾಲೆಗೆ ಸೇರಿಸುವಷ್ಟು ಸಿದ್ಧಮಾಡಿದ ತಾಯಂದಿರು ಉಂಟು. ಅವರ ತ್ಯಾಗವು ಸಾಮಾನ್ಯವಲ್ಲ. ಎಲ್ಲರಿಗೂ ಅದು ಸಾಧ್ಯವಲ್ಲವೆಂಬದೂ ನಿಜವೇ.

ಹೊರಗಿನ ದೇಶಗಳಲ್ಲಿಯೂ ಇದೇ ಮಾರ್ಗವು ಕಂಡುಬಂದಿದೆ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಲೂಯಿಸ್ ಟ್ರೇಸಿ ಎಂಬಾಕೆಯು, ತನ್ನ ಕಿವಿ ಕೇಳದ ಮಗ ಜಾನನಿಗೆ ಕಲಿಸುತ್ತಾ ತಾನು ಕಲಿತದ್ದನ್ನು ಬೇರೆ ತಾಯಂದಿರಿಗೂ ಹಂಚಲು 1942ರಲ್ಲಿ ಒಂದು ಕೇಂದ್ರವನ್ನು ತೆರೆದಳು. ದೂರದವರಿಗೆ ಅಂಚೆಯ ಮೂಲಕ ಧರ್ಮಾರ್ಥವಾಗಿ ಪಾಠಗಳು ಹೋದವು. ವಿಸ್ಕಾನ್ಸಿನ್ ಸೀಮೆಯ ಪೋರ್ಟೇಜ್ ಎಂಬ ಚಿಕ್ಕ ಊರಿನಲ್ಲಿ 1969ರಲ್ಲಿ ಆರಂಭವಾದ ಪದ್ಧತಿಯು ನಮ್ಮ ಹಳ್ಳಿಗಳಿಗೆ ಇನ್ನೂ ಹೆಚ್ಚಾಗಿ ಹೊಂದುವದು. ಅಲ್ಲಿ ಮನೆಗಳು ದೂರದೂರವಾಗಿದ್ದದ್ದರಿಂದ ಮಕ್ಕಳನ್ನು ಶಾಲೆಗೆ ಕೂಡಿಸುವದು ಕಷ್ಟವಾಯಿತು. ಆದುದರಿಂದ ಉಪಾಧ್ಯಾಯರೇ ವಾರಕ್ಕೊಮ್ಮೆ ಮನೆಗೆ ಹೋಗಿ, ತಾಯಿಯೊಡನೆ ಕೂತು, ಆ ವಾರ ಕಲಿಸತಕ್ಕ ಒಂದೇ ಚಿಕ್ಕ ಕೆಲಸವನ್ನು ಆರಿಸಿ, ಮಾಡಿ ತೋರಿಸಿ ಬರುತ್ತಿದ್ದರು. ದಿನವೂ ಕಲಿಸುವವಳು ತಾಯಿ. ಆದದ್ದನ್ನು ಗುರುತುಹಾಕುವವಳೂ ಅವಳೇ. ಮುಂದಿನ ವಾರ ಇಬ್ಬರೂ ಕೂಡಿ ನೋಡುವರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು 1957ರಲ್ಲಿ ಸ್ಥಾಪಿಸಿದ ಮಾನಸಿಕ ಆರೋಗ್ಯ ಕೇಂದ್ರದಲ್ಲಿಯೂ ರೋಗಿಯೊಡನೆ ಮನೆಯವರು ತಂಗಿ ಚಿಕಿತ್ಸೆಯಲ್ಲಿ ಪಾಲುಗೊಳ್ಳುವ ಪದ್ಧತಿಯನ್ನು ರೂಢಿಗೆ ತಂದರು.

4. ಕಾಲದ ಬೆಲೆ

ಬಿತ್ತನೆಗೆ ಹದ ತಪ್ಪಿದರೆ ಎಷ್ಟು ಗೊಬ್ಬರ ಹಾಕಿದರೂ ಪೈರು ಮೊದಲಿನಂತೆ ಬರುವದಿಲ್ಲವೆಂದು ರೈತರಾದ ನಿಮಗೆ ಹೇಳಬೇಕಾದದ್ದಿಲ್ಲ. ಮಗುವಿನ ಮಿದುಳು ಮಾತನ್ನು ಹೀರಿಕೊಳ್ಳುವ ಹದವು ಮೊದಲ ಮೂರು ನಾಲ್ಕು ವರುಷಗಳಲ್ಲಿದೆ. ಹುಟ್ಟಿದ 1 ತಿಂಗಳೊಳಗೆ ಕಿವಿಯನ್ನು ಪರೀಕ್ಷಿಸಬೇಕು, ಸಂಶಯವಿದ್ದರೆ 3 ತಿಂಗಳೊಳಗೆ ನಿಶ್ಚಯಿಸಬೇಕು, 6 ತಿಂಗಳೊಳಗೆ ಚಿಕಿತ್ಸೆ ಆರಂಭಿಸಬೇಕು ಎಂಬದು ಈಗ ಲೋಕದಲ್ಲೆಲ್ಲಾ ಒಪ್ಪಿದ ಕ್ರಮ. ನಮ್ಮಲ್ಲಿ ಆಗುವದೇನು? ಮಗು ಎರಡು ವರುಷವಾದರೂ ಮಾತಾಡದಿದ್ದರೆ, ಅದರ ಅಪ್ಪನೂ ತಡವಾಗಿಯೇ ಮಾತಾಡಿದನು ಎನ್ನುತ್ತಾರೆ. ಮೂರಾದರೆ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ. ನಾಲ್ಕಾದರೆ ಹರಕೆ ಹೊರುತ್ತಾರೆ. ಐದಾದ ಮೇಲೆ, ಶಾಲೆಯವರು ಸೇರಿಸಿಕೊಳ್ಳುವರೋ ಇಲ್ಲವೋ ಎಂಬ ಭಯದಿಂದ ಮೈಸೂರಿನ ಬಸ್ಸು ಹತ್ತುತ್ತಾರೆ. ಆಗಲೂ ಪ್ರಯೋಜನವುಂಟು, ಆದರೆ ಹದ ಮೀರಿದೆ.

ಆದುದರಿಂದ ಈ ಗುರುತುಗಳನ್ನು ಮನಸ್ಸಿನಲ್ಲಿಡಿರಿ. ಎಳೆಗೂಸು ದೊಡ್ಡ ಸದ್ದಿಗೆ ಬೆಚ್ಚಬೇಕು. ಆರು ತಿಂಗಳ ಹೊತ್ತಿಗೆ ಸದ್ದು ಬಂದ ಕಡೆಗೆ ತಲೆ ತಿರುಗಿಸಬೇಕು. ಒಂಬತ್ತು ಹತ್ತು ತಿಂಗಳಿಗೆ ಬಾಬಾ, ದಾದಾ ಎಂದು ತೊದಲಬೇಕು. ವರುಷ ತುಂಬುವಾಗ ಹೆಸರಿಗೆ ತಿರುಗಬೇಕು, ಬೇಕಾದದ್ದನ್ನು ಬೆರಳಿನಿಂದ ತೋರಿಸಲು ಆರಂಭಿಸಬೇಕು. ಎರಡು ವರುಷಕ್ಕೆ, ಅಮ್ಮ ಬಾ, ಹಾಲು ಬೇಕು, ಎಂಬಂತೆ ಎರಡು ಮಾತು ಕೂಡಿಸಬೇಕು. ಕತ್ತು ನಿಲ್ಲುವದೂ ಕೂರುವದೂ ಬಹು ತಡವಾದರೆ, ಅಥವಾ ಒಮ್ಮೆ ಬಂದ ಮಾತು ಹಿಂದಕ್ಕೆ ಹೋದರೆ, ಕಾದು ನೋಡಬಾರದು. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ತಿಳಿದರೆ ನಷ್ಟವಾದದ್ದು ಒಂದು ದಿನದ ಕೂಲಿ ಮಾತ್ರ.

5. ಮನೆಯೇ ದೊಡ್ಡ ಶಾಲೆ

ಒಂದು ಲೆಕ್ಕವನ್ನು ಮಾಡಿರಿ. ವಾರಕ್ಕೆ 168 ಗಂಟೆಗಳು. ಅದರಲ್ಲಿ ಮಗು ಎಚ್ಚರವಾಗಿರುವದು ಸುಮಾರು 80 ಗಂಟೆ. ಪರಿಣತರ ಮುಂದೆ ಅದು ಕೂರುವದು ವಾರಕ್ಕೆ ಒಂದು ಅಥವಾ ಎರಡು ಗಂಟೆ. ಹಳ್ಳಿಯವರಿಗಾದರೆ ತಿಂಗಳಿಗೆ ಒಂದು ಗಂಟೆ. ಮಿಕ್ಕ ಕಾಲವೆಲ್ಲಾ ಯಾರ ಕೈಯಲ್ಲಿದೆ? ಮನೆಯವರ ಕೈಯಲ್ಲಿ. ಹೀಗಿರಲಾಗಿ ಪರಿಣತರ ಮುಖ್ಯ ಕೆಲಸವು ಮಗುವಿಗೆ ಕಲಿಸುವದಕ್ಕಿಂತ ಹೆಚ್ಚಾಗಿ ಮಗುವಿನ ಮನೆಯವರಿಗೆ ಕಲಿಸುವದೇ ಆಗಿದೆ.

ಕಿವಿ ಕೇಳದ ಮಗುವಿಗೆ ಶ್ರವಣ ಯಂತ್ರ ಕೊಟ್ಟಿದ್ದರೆ, ಎದ್ದಾಗಿನಿಂದ ಮಲಗುವ ಪರ್ಯಂತರ ಅದು ಕಿವಿಯಲ್ಲಿರಬೇಕು. ಸ್ನಾನಕ್ಕೆ ಮಾತ್ರ ತೆಗೆಯಬೇಕು. ಮಗುವಿನ ಹತ್ತಿರ, ಅದರ ಮುಖದ ಮಟ್ಟಕ್ಕೆ ಕೂತು, ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ನೋಡಿಕೊಂಡು ಮಾತಾಡಿರಿ. ಟಿ.ವಿ.ಯನ್ನು ನಿಲ್ಲಿಸಿರಿ. ಬೇರೆ ಪಾಠದ ಹೊತ್ತು ಬೇಕಾಗಿಲ್ಲ. ಮುದ್ದೆಗೆ ಎಸರು ಇಡುವಾಗ, ನೀರು ಹಾಕಿದೆ, ನೀರು ಕುದೀತಿದೆ, ಬಿಸಿ, ಮುಟ್ಟಬೇಡ, ಈಗ ಹಿಟ್ಟು ಹಾಕೋಣ, ಎಂದು ಕೆಲಸದೊಡನೆಯೇ ಮಾತನ್ನು ಕೂಡಿಸಿರಿ. ದನಕ್ಕೆ ಹುಲ್ಲು ಹಾಕುವಾಗಲೂ ಬಟ್ಟೆ ಒಗೆಯುವಾಗಲೂ ಹಾಗೆಯೇ. ಹೇಳು, ಹೇಳು ಎಂದು ಪೀಡಿಸದೆ, ಹೇಳಿದ ಮೇಲೆ ಸ್ವಲ್ಪ ಕಾದು ಮಗುವಿನ ಸರದಿಯನ್ನು ಮಗುವಿಗೆ ಬಿಡಿರಿ. ಯಂತ್ರದಿಂದಲೂ ಮಾತು ಸಾಕಷ್ಟು ದೊರೆಯದ ಮಕ್ಕಳಿಗೆ ಸನ್ನೆಯ ಭಾಷೆಯುಂಟು. ಅದು ಕೋತಿಚೇಷ್ಟೆಯಲ್ಲ, ವ್ಯಾಕರಣವುಳ್ಳ ಪೂರ್ಣ ಭಾಷೆ. ಅದರ ಸಂಶೋಧನೆಗಾಗಿ ದೆಹಲಿಯಲ್ಲಿ 2015ರಲ್ಲಿ ಒಂದು ಸಂಸ್ಥೆಯೇ ಸ್ಥಾಪಿತವಾಗಿದೆ. ಮಗು ಕಲಿತರೆ ಮನೆಯವರೂ ಕಲಿಯಬೇಕು. ಇಲ್ಲವಾದರೆ ಮಗುವು ತನ್ನ ಮನೆಯಲ್ಲಿಯೇ ಪರದೇಶಿಯಾಗುವದು.

ಕೈಕಾಲು ಬಿಗಿದ ಮಗುವನ್ನು ಮಲಗಿಸಿಕೊಂಡು ಅನ್ನ ತುರುಕಬಾರದು. ಬೆನ್ನು ನೆಟ್ಟಗಿಟ್ಟು, ತಲೆ ಹಿಂದಕ್ಕೆ ವಾಲದಂತೆ ಹಿಡಿದು ಉಣಿಸಬೇಕು. ಇಲ್ಲವಾದರೆ ಆಹಾರವು ಉಸಿರಿನ ದಾರಿಗೆ ಹೋಗುವದು. ಕಾಲುಗಳು ಕತ್ತರಿಯಂತೆ ಕೂಡಿಕೊಳ್ಳುವ ಮಗುವನ್ನು ಎರಡು ಕಾಲುಗಳೂ ಬೇರೆಯಾಗುವಂತೆ ಸೊಂಟದ ಮೇಲೆ ಕೂರಿಸಿ ಎತ್ತಿಕೊಳ್ಳುವ ನಮ್ಮ ತಾಯಂದಿರ ರೂಢಿಯನ್ನೇ ಚಿಕಿತ್ಸಕರೂ ಅನೇಕ ಸಾರಿ ಒಳ್ಳೆಯದೆನ್ನುತ್ತಾರೆ. ಬುದ್ಧಿಯು ನಿಧಾನವಾಗಿ ಬೆಳೆಯುವ ಮಗುವಿಗೆ ಅಂಗಿ ತೊಡುವದನ್ನು ಕಲಿಸಬೇಕಾದರೆ, ಕೆಲಸವನ್ನು ತುಂಡುತುಂಡು ಮಾಡಿರಿ. ತಲೆ ತೂರಿಸಿ, ಎರಡು ಕೈಗಳನ್ನೂ ಹಾಕಿ, ಕೊನೆಗೆ ಅಂಗಿಯನ್ನು ಕೆಳಕ್ಕೆ ಎಳೆಯುವದನ್ನು ಮಾತ್ರ ಅದಕ್ಕೆ ಬಿಡಿರಿ. ಅದು ಬಂದ ಮೇಲೆ ಒಂದು ಕೈ. ಹೀಗೆ ಕೊನೆಯಿಂದ ಮೊದಲಿಗೆ ಬಂದರೆ, ಪ್ರತಿ ಸಾರಿಯೂ ಕೆಲಸ ಮುಗಿಸಿದ ಸಂತೋಷವು ಮಗುವಿನದಾಗುವದು. ಸ್ವಲೀನತೆಯುಳ್ಳ ಮಗುವಿಗೆ ದಿನದ ಕೆಲಸಗಳು ಒಂದೇ ಕ್ರಮದಲ್ಲಿ ನಡೆಯುವದೂ, ಮುಂದೆ ಆಗುವದನ್ನು ಚಿತ್ರದಿಂದ ತೋರಿಸುವದೂ ನೆಮ್ಮದಿಯನ್ನು ಕೊಡುವವು.

6. ಜೋಡಿ ಮುರಿಯುವ ಬಗೆಯೂ ಕೂಡಿಸುವ ಬಗೆಯೂ

ಒಂದು ಸಂಗತಿಯನ್ನು ಭಾವಿಸಿಕೊಳ್ಳಿರಿ. ಒಂದು ಮನೆಯಲ್ಲಿ ಮಗುವಿಗೆ ಕಿವಿಯ ಮೆಷೀನು ಬಂತು. ನಾಲ್ಕು ತಿಂಗಳು ಹಾಕಿದರು. ಆಮೇಲೆ ಅದು ಕುಯ್ಯೆಂದು ಶಿಳ್ಳೆ ಹೊಡೆಯಲಾರಂಭಿಸಿತು, ಮಗುವು ಕಿತ್ತೆಸೆಯಿತು, ನೆರೆಯವರು ನಕ್ಕರು. ತಾಯಿಯು ಅದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಮುಂದಿನ ಸಾರಿ ಹೋದಾಗ ಬೈದಾರೆಂಬ ಭಯದಿಂದ, ದಿನವೂ ಹಾಕುತ್ತೇವೆ ಎಂದಳು. ಪರಿಣತರು, ಹಾಕಿಯೂ ಮಾತು ಬಾರದಿದ್ದರೆ ಬೇರೆ ದೋಷವಿರಬಹುದೆಂದು ಹೊಸ ಪರೀಕ್ಷೆಗಳನ್ನು ಬರೆದರು. ಒಂದು ವರುಷ ಹೋಯಿತು. ನಿಜವಾದ ಸಂಗತಿ ಏನು? ಮಗು ಬೆಳೆದಂತೆ ಕಿವಿಯೂ ಬೆಳೆದು, ಕಿವಿಯೊಳಗಿನ ಅಚ್ಚು ಸಡಿಲವಾಗಿತ್ತು, ಅದಕ್ಕೇ ಶಿಳ್ಳೆ. ಹೊಸ ಅಚ್ಚು ಮಾಡಿಸುವದು ಚಿಕ್ಕ ಕೆಲಸ. ಆದರೆ ಒಬ್ಬರು ಭಯದಿಂದ ಹೇಳಲಿಲ್ಲ, ಒಬ್ಬರು ಅವಸರದಿಂದ ಕೇಳಲಿಲ್ಲ. ಮಗುವಿನ ಒಂದು ವರುಷವು ಟ್ರಂಕಿನಲ್ಲಿ ಬಿದ್ದಿತ್ತು.

ಆದುದರಿಂದ ತಾಯ್ತಂದೆಗಳು ಮಾಡತಕ್ಕದ್ದು ಇದು. ಮೊದಲನೆಯದಾಗಿ, ಒಂದು ನೋಟುಪುಸ್ತಕವನ್ನಿಡಿರಿ. ಮಗು ಹೊಸದಾಗಿ ಮಾಡಿದ್ದನ್ನೂ, ಮಾಡದೆ ಹೋದದ್ದನ್ನೂ, ಜ್ವರ ಮೂರ್ಛೆಗಳ ದಿನವನ್ನೂ ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಹುಡುಗನಿಂದ ಬರೆಯಿಸಿರಿ. ಎರಡನೆಯದಾಗಿ, ಹೋಗುವ ಮುನ್ನ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಗೊತ್ತುಮಾಡಿಕೊಳ್ಳಿರಿ. ಮೂರನೆಯದಾಗಿ, ತಿಳಿಯದ ಮಾತಿಗೆ ತಲೆಯಾಡಿಸಬೇಡಿರಿ. ಅಯ್ಯಾ, ತಿಳಿಯಲಿಲ್ಲ, ನಮ್ಮ ಮಾತಿನಲ್ಲಿ ಇನ್ನೊಂದು ಸಾರಿ ಹೇಳಿರಿ, ಮಾಡಿ ತೋರಿಸಿರಿ, ಎಂದು ಕೇಳುವದು ಅವಮಾನವಲ್ಲ. ನಾಲ್ಕನೆಯದಾಗಿ, ಮನೆಯಲ್ಲಿ ಮಾಡಲಾಗದ್ದನ್ನು ಆಗುವದಿಲ್ಲವೆಂದೇ ಹೇಳಿರಿ. ಬಿತ್ತನೆಯ ದಿನಗಳಲ್ಲಿ ಒಂದು ತಾಸು ಕೂರಲಾರೆನೆಂದರೆ, ಹೊಲದ ಬದುವಿನ ಮೇಲೆ ಮಾಡುವಂಥ ಅಭ್ಯಾಸವನ್ನು ಅವರು ಹೇಳಿಕೊಟ್ಟಾರು. ಐದನೆಯದಾಗಿ, ಹಣ ಕೊಟ್ಟರೆ ಆರು ತಿಂಗಳಲ್ಲಿ ಪೂರಾ ಗುಣಮಾಡುವೆನೆಂದು ಮಾತುಕೊಡುವವರಿಂದ ದೂರವಿರಿ. ಒಳ್ಳೆಯ ಪರಿಣತನು ಭರವಸೆ ಕೊಡುವನು, ಜಾಮೀನು ಕೊಡನು.

ಪರಿಣತರೂ ಮಾಡತಕ್ಕದ್ದುಂಟು. ಮೂರು ಬಸ್ಸು ಬದಲಿಸಿ ಬಂದವರಿಗೆ ಆ ದಿನದೊಳಗೇ ಎಲ್ಲಾ ಕೆಲಸ ಮುಗಿಯುವಂತೆ ನೋಡಬೇಕು. ಹತ್ತು ಅಭ್ಯಾಸಗಳನ್ನು ಹೇಳಿ ಒಂದನ್ನೂ ಮಾಡಿಸದೆ ಇರುವದಕ್ಕಿಂತ ಒಂದನ್ನು ಹೇಳಿ ತಾಯಿಯ ಕೈಯಿಂದಲೇ ಮಾಡಿಸಿ ನೋಡಬೇಕು. ತಂದ ಮಗುವನ್ನು ಕುರಿತು ಅದರ ಎದುರಿಗೇ, ಅದಕ್ಕೆ ಏನೂ ತಿಳಿಯದೆಂಬಂತೆ ಮಾತಾಡಬಾರದು. ಮಾಡದೆ ಬಂದ ತಾಯಿಯನ್ನು ಯಾಕೆ ಮಾಡಲಿಲ್ಲ ಎಂದು ಗದರಿಸುವದಕ್ಕೆ ಬದಲಾಗಿ, ಏನು ಅಡ್ಡಿಯಾಯಿತು ಎಂದು ಕೇಳಬೇಕು.

7. ಊರಿನವರ ಪಾಲು

ಈ ಭಾರವನ್ನು ತಾಯಿಯೊಬ್ಬಳೇ ಹೊರಬಾರದು. ಅನೇಕ ಮನೆಗಳಲ್ಲಿ ಮಗುವನ್ನು ಕರೆದೊಯ್ಯುವವಳೂ ಕಲಿಸುವವಳೂ ಬೈಸಿಕೊಳ್ಳುವವಳೂ ಅವಳೇ. ತಂದೆಯು ವರುಷದಲ್ಲಿ ಒಂದೆರಡು ಸಾರಿಯಾದರೂ ಜತೆಗೆ ಹೋಗಿ ಪರಿಣತರ ಮಾತನ್ನು ತನ್ನ ಕಿವಿಯಿಂದಲೇ ಕೇಳಬೇಕು. ಆಗ ಅತ್ತೆಮಾವಂದಿರ ಸಂದೇಹಗಳಿಗೆ ಅವನೇ ಉತ್ತರ ಕೊಡುವನು. ನೆರೆಯವರು ಆ ಮಗುವನ್ನು ಹೆಸರು ಹಿಡಿದು ಕರೆಯಬೇಕು. ಅದರ ಕೊರತೆಯನ್ನೇ ಹೆಸರಾಗಿ ಮಾಡಬಾರದು. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತವರು ನಾಲ್ವರೆಂದು ನೆನಪಿದೆಯಲ್ಲವೇ?

ಸರಕಾರದ ಕಡೆಯಿಂದ ದೊರೆಯುವದನ್ನೂ ತಿಳಿದಿರಿ. 2016ರ ಅಂಗವಿಕಲರ ಹಕ್ಕುಗಳ ಕಾನೂನು 21 ಬಗೆಯ ನ್ಯೂನತೆಗಳನ್ನು ಒಪ್ಪಿಕೊಂಡಿದೆ. ನಿಶ್ಚಿತ ಪ್ರಮಾಣಕ್ಕೆ ಮೇಲ್ಪಟ್ಟ ನ್ಯೂನತೆಯುಳ್ಳ 6ರಿಂದ 18 ವರುಷದ ಮಗುವಿಗೆ ಹತ್ತಿರದ ಶಾಲೆಯಲ್ಲಿಯಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಿಯಾಗಲಿ ಉಚಿತವಾಗಿ ಓದುವ ಹಕ್ಕನ್ನು ಅದು ಕೊಟ್ಟಿದೆ. ಆದುದರಿಂದ ಶಾಲೆಯ ಬಾಗಿಲಲ್ಲಿ ನಿಮ್ಮನ್ನು ತಡೆದರೆ ಭಿಕ್ಷೆ ಬೇಡುವವರಂತೆ ನಿಲ್ಲಬೇಡಿರಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲೂಕಿನಲ್ಲಿ ಅವರ ಮೇಲಿನವರೂ ಇದ್ದಾರೆ. ಗುರುತಿನ ಚೀಟಿ, ಮಾಸಾಶನ, ಬಸ್ಸಿನ ರಿಯಾಯಿತಿ ಪಾಸು ಇವುಗಳಿಗೆ ಅವರನ್ನು ಕೇಳಿರಿ. ಶಾಲೆಗೆ ಬರಲಾರದ ಮಗುವಿಗೆ ಮನೆಯಲ್ಲಿಯೇ ಪಾಠ ಹೇಳುವ ಏರ್ಪಾಡೂ ಶಿಕ್ಷಣ ಇಲಾಖೆಯಲ್ಲಿದೆ. 2013ರಿಂದ ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸುವ ಆರೋಗ್ಯ ತಂಡಗಳುಂಟು. ಅವರು ಬರುವ ದಿನ ಮಗುವನ್ನು ಒಳಗೆ ಬಚ್ಚಿಡಬೇಡಿರಿ. 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ತಾಯಿಯ ಬಸ್ಸಿನ ಖರ್ಚೂ ಇಳಿದಿದೆ. ಒಬ್ಬರ ಕೂಗಿಗೆ ಕದ ತೆರೆಯದಿದ್ದಲ್ಲಿ ಹತ್ತು ಮಂದಿ ತಾಯ್ತಂದೆಗಳು ಕೂಡಿ ಹೋಗಿರಿ. 1995ರಲ್ಲಿ ದೇಶದ ಇಂಥ ಪಾಲಕರ ಸಂಘಗಳೆಲ್ಲಾ ಒಟ್ಟುಗೂಡಿ ಪರಿವಾರ್ ಎಂಬ ಒಕ್ಕೂಟವನ್ನು ಮಾಡಿಕೊಂಡದ್ದು ಈ ಉದ್ದೇಶದಿಂದಲೇ.

ಕಡೆಯದಾಗಿ ಒಂದು ಮಾತು. ಎಲ್ಲಾ ಮಕ್ಕಳೂ ಮಾತಾಡುವರೆಂದಾಗಲಿ, ಎಲ್ಲರೂ ನಡೆಯುವರೆಂದಾಗಲಿ ಈ ಪಾಠವು ಹೇಳುವದಿಲ್ಲ. ಕೆಲವರು ಬಹಳ ಕಲಿಯುವರು, ಕೆಲವರು ಸ್ವಲ್ಪ. ತನ್ನ ಕೈಯಿಂದ ಒಂದು ತುತ್ತು ಉಣ್ಣುವದು ಒಂದು ಮಗುವಿಗೆ ಮೂರು ವರುಷದ ಬೆಳೆಯಾಗಿರಬಹುದು. ಆದರೂ ಆ ಬೆಳೆಯನ್ನು ಕೊಯ್ಯಬೇಕಾದರೆ ಉಳುವವರಿಬ್ಬರೂ ನೊಗವನ್ನು ಬಿಡಬಾರದು. ಯಾಕಂದರೆ ಹೊಲವು ಮುಂದಿನ ವರುಷಕ್ಕೂ ಕಾದೀತು. ಮಗುವಿನ ಎಳೆತನವು ಕಾಯದು.

ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಇಂಥ ಮಕ್ಕಳು ಎಷ್ಟು ಮಂದಿ? ಅವರ ಹೆಸರುಗಳನ್ನು ನಾವು ಬಲ್ಲೆವೋ?
2. ವರುಷ ತುಂಬಿದ ಮಗುವಿನಲ್ಲಿ ಕಾಣಬೇಕಾದ ಗುರುತುಗಳು ಯಾವವು?
3. ಟ್ರಂಕಿನಲ್ಲಿಟ್ಟ ಯಂತ್ರದ ಸಂಗತಿಯಲ್ಲಿ ತಾಯಿಯು ಯಾವ ಮಾತನ್ನು ಹೇಳಬೇಕಾಗಿತ್ತು? ಪರಿಣತರು ಯಾವ ಮಾತನ್ನು ಕೇಳಬೇಕಾಗಿತ್ತು?
4. ಮೈಸೂರಿಗೆ ಹೋಗುವ ತಾಯಿಯ ಹೊಲವನ್ನೂ ಮನೆಯನ್ನೂ ಆ ಒಂದು ದಿನ ನೋಡಿಕೊಳ್ಳಲು ನಮ್ಮಲ್ಲಿ ಯಾರು ಸಿದ್ಧರು?